ಒಂದೇ ಹಿಕ್ಕೆ, ಮೂರು ಎಣಿಕೆ: ಲ್ಯಾಬ್ ಕೆಲಸ ಎಲ್ಲಿಂದ ಕಲಿಯೋದು?

ಹೊಸ_ಕೋಟು
ಎಲ್ಲರಿಗೂ ನಮಸ್ಕಾರ. ಕುರಿಗಳ ಜಂತುಹುಳದ ಮೇಲೆ ಎಂ.ವಿ.ಎಸ್ಸಿ. ಕೆಲಸ ಶುರುವಾಗ್ತಿದೆ. ಆಲ್ಬೆಂಡಜೋಲ್ ಔಷಧಿಗೆ ಹುಳ ಇನ್ನೂ ಬಗ್ಗುತ್ತಾ ಇಲ್ವಾ ಅನ್ನೋದು ಪ್ರಶ್ನೆ. ಮ್ಯಾಕ್‌ಮಾಸ್ಟರ್ ಸ್ಲೈಡಿನಲ್ಲಿ (ಗೆರೆಚೌಕ ಹಾಕಿದ ಎರಡು ಕೋಣೆಯ ಎಣಿಕೆ ಗಾಜು) ಒಂದೇ ಹಿಕ್ಕೆ ಸ್ಯಾಂಪಲ್ಲನ್ನ ಮೂರು ಸಲ ಎಣಿಸಿದರೆ 4, 9, 2 ಮೊಟ್ಟೆ ಬರ್ತಿದೆ. 50ರಿಂದ ಗುಣಿಸಿದರೆ ಗ್ರಾಂಗೆ 200, 450, 100. ಇದರಲ್ಲಿ ಯಾವುದನ್ನ ಬರ್ಕೊಳ್ಳಲಿ?
ಇನ್ನೊಂದು: ಪಿಸಿಆರ್ (ಡಿಎನ್‌ಎ ಹೆಚ್ಚಿಸಿ ನೋಡೋದು), ಎಲೈಸಾ (ರಕ್ತದಲ್ಲಿ ಪ್ರತಿಕಾಯ ಹುಡುಕೋದು), ರಕ್ತ ತೆಗೆಯೋದು, ಸ್ಟ್ಯಾಟಿಸ್ಟಿಕ್ಸ್ ಎಲ್ಲ ಕಲೀಲೇಬೇಕು ಅಂತಾರೆ. ಯಾವುದು ಮೊದಲು?

ಜೀನ್_ಜಗ್ಗ
ಪಿಸಿಆರ್ ಕಲಿ ಮಾರಾಯ. ಮೊಟ್ಟೆ ಎಣಿಸೋದು ಅಜ್ಜನ ಕಾಲದ್ದು. ಬೀಟಾ ಟ್ಯೂಬುಲಿನ್ ಜೀನಿನ 200ನೇ ಕೋಡಾನ್ (ಮೂರಕ್ಷರದ ತುಣುಕು) ನೋಡಿದರೆ ಸಾಕು, ಹುಳ ಆಲ್ಬೆಂಡಜೋಲ್‌ಗೆ ಒಗ್ಗಿಕೊಂಡಿದೆಯಾ ಇಲ್ವಾ ಗೊತ್ತಾಗುತ್ತೆ.

ಹಟ್ಟಿ_ಡಾಕ್ಟ್ರು
@ಜೀನ್_ಜಗ್ಗ 200 ಒಂದೇ ಅಲ್ಲ, 167 ಮತ್ತು 198 ಕೂಡ ನೋಡ್ಬೇಕು. ಅದೂ ಆಲ್ಬೆಂಡಜೋಲ್ ಇರೋ ಬೆಂಜಿಮಿಡಜೋಲ್ ಗುಂಪಿನ ಔಷಧಿಗೆ ಮಾತ್ರ. ಲೆವಮಿಸೋಲ್‌ಗೆ, ಐವರ್ಮೆಕ್ಟಿನ್‌ಗೆ ಆ ಜೀನ್ ಏನೂ ಹೇಳಲ್ಲ. ಔಷಧಿ ಕುಡಿಸಿದ ಮೇಲೆ ಕುರಿ ಹೊಟ್ಟೆಯಲ್ಲಿ ಎಷ್ಟು ಹುಳ ಉಳೀತು ಅಂತ ಕೇಳಿದರೆ ಉತ್ತರ ಹಿಕ್ಕೆಯಲ್ಲೇ ಇದೆ.

ಸ್ಲೈಡ್_ಸರೋಜ
ಮೊದಲು ಮಾಡುವ ಕ್ರಮ ಪೂರ್ತಿ ಹೇಳಿ. 50ರಿಂದ ಯಾಕೆ ಗುಣಿಸಿದಿರಿ?

ಹೊಸ_ಕೋಟು
2 ಗ್ರಾಂ ಹಿಕ್ಕೆ, 60 ಮಿ.ಲೀ. ಉಪ್ಪುನೀರು, ಅರೆದು ಸೋಸಿ ಎರಡೂ ಕೋಣೆ ತುಂಬಿಸಿ ಎಣಿಸೋದು. 50 ಅಂತ ಹಳೇ ರೆಕಾರ್ಡ್ ಪುಸ್ತಕದಲ್ಲಿ ಬರೆದಿತ್ತು ಮೇಡಂ.

ಸ್ಲೈಡ್_ಸರೋಜ
ಅಲ್ಲೇ ಎಡವಟ್ಟು. ಲೆಕ್ಕ ನೋಡಿ. ಒಂದು ಕೋಣೆಯ ಗೆರೆಚೌಕ 10 ಮಿ.ಮೀ. ಉದ್ದ, 10 ಮಿ.ಮೀ. ಅಗಲ, ಆಳ 1.5 ಮಿ.ಮೀ., ಅಂದರೆ 0.15 ಮಿ.ಲೀ. ಎರಡೂ ಸೇರಿ 0.3 ಮಿ.ಲೀ. ನಿಮ್ಮ ಮಿಶ್ರಣದಲ್ಲಿ 2 ಗ್ರಾಂ ಹಿಕ್ಕೆ ಸುಮಾರು 62 ಮಿ.ಲೀ.ನಲ್ಲಿ ಹರಡಿದೆ. ಒಂದು ಗ್ರಾಂ 31 ಮಿ.ಲೀ.ಗೆ. 31ನ್ನ 0.3ರಿಂದ ಭಾಗಿಸಿದರೆ 103. ಅಂದರೆ ಗುಣಕ ನೂರರ ಆಸುಪಾಸು, ಐವತ್ತಲ್ಲ. ನಿಮ್ಮ ಅಂಕಿಗಳೆಲ್ಲ ಅರ್ಧಕ್ಕೆ ಇಳಿದಿವೆ.

50 ಗುಣಕ ಬರೋದು 3 ಗ್ರಾಂ ಹಿಕ್ಕೆ + 42 ಮಿ.ಲೀ. ನೀರಿನ ಕ್ರಮದಲ್ಲಿ. ಒಟ್ಟು 45 ಮಿ.ಲೀ., ಗ್ರಾಂಗೆ 15 ಮಿ.ಲೀ. ಆ ಕ್ರಮ ಹೀಗೆ:

3 ಗ್ರಾಂ ತೂಗಿ, 42 ಮಿ.ಲೀ. ಬರೀ ನೀರಲ್ಲಿ ಹಾಕಿ. ಒಣಗಿದ ಹಿಕ್ಕೆಯಾದರೆ ಅರ್ಧ ಗಂಟೆ ನೆನೆಯಲಿ, ಇಲ್ಲದಿದ್ದರೆ ಗಟ್ಟಿ ತಿರುಳು ಒಡೆಯಲ್ಲ, ಮೊಟ್ಟೆ ಒಳಗೇ ಕೂತಿರುತ್ತೆ. ಚೆನ್ನಾಗಿ ಮಸೆದು 0.15 ಮಿ.ಮೀ. ಕಣ್ಣಿನ ಜರಡಿಯಲ್ಲಿ ಸೋಸಿ. ಟೀ ಜಾಲರಿಯಲ್ಲೂ ಆಗುತ್ತೆ, ಕಸ ಜಾಸ್ತಿ ಬರುತ್ತೆ ಅಷ್ಟೆ. ಸೋಸಿದ ನೀರನ್ನ ಕಲಕ್ತಾ ಇರುವಾಗಲೇ 15 ಮಿ.ಲೀ. ನಳಿಗೆಗೆ ಹುಯ್ದು ಸೆಂಟ್ರಿಫ್ಯೂಜ್ ಯಂತ್ರದಲ್ಲಿ 1500 ಆರ್‌ಪಿಎಂನಲ್ಲಿ 2 ನಿಮಿಷ ತಿರುಗಿಸಿ. ಮೇಲಿನ ನೀರು ಪೂರ್ತಿ ಚೆಲ್ಲಿ, ತಳದ ಗಸಿ ಸಡಿಲಿಸಿ, 15 ಮಿ.ಲೀ. ಗುರುತಿನವರೆಗೆ ಉಪ್ಪುನೀರು ಹಾಕಿ. ಐದಾರು ಸಲ ನಿಧಾನವಾಗಿ ತಲೆಕೆಳಗೆ ಮಾಡಿ. ಜೋರಾಗಿ ಅಲ್ಲಾಡಿಸಿದರೆ ಗುಳ್ಳೆ ಬರುತ್ತೆ. ತಡಮಾಡದೆ ಪಿಪೆಟ್‌ನಲ್ಲಿ ಎಳೆದು ಒಂದು ಕೋಣೆ ತುಂಬಿ, ಮತ್ತೆ ತಲೆಕೆಳಗೆ ಮಾಡಿ, ಎರಡನೇ ಕೋಣೆ ತುಂಬಿ.

ಇಲ್ಲೇ ಎಲ್ಲರೂ ತಪ್ಪೋದು: ಉಪ್ಪುನೀರಲ್ಲಿ ಮೊಟ್ಟೆ ತೇಲೋಕೆ ಶುರುವಾದದ್ದು ನಿಮ್ಮನ್ನ ಕಾಯಲ್ಲ. ನಳಿಗೆ ಸ್ಟ್ಯಾಂಡಿನಲ್ಲಿಟ್ಟು ಫೋನ್ ನೋಡಿ ಬಂದು ಮಧ್ಯದಿಂದ ಎಳೆದರೆ ಸಿಗೋದು ಮೊಟ್ಟೆ ಬಿಟ್ಟ ಉಪ್ಪುನೀರು. ಒಂದೇ ಸ್ಯಾಂಪಲ್ಲಿಗೆ 9 ಮತ್ತು 2 ಬರೋಕೆ ಇಷ್ಟು ಸಾಕು.

ಬೀದರ್_ಬಿಸಲು
ಮೇಡಂ ಹೇಳಿದ್ದು ಖರೆ ಐತ್ರೀ. ಇನ್ನೊಂದು ಮಾತು: ಕೋಣಿ ತುಂಬಿದ ಮ್ಯಾಲೆ 5 ನಿಮಿಷ ಸುಮ್ಮ ಬಿಡ್ರಿ, ಮೊಟ್ಟಿ ಮ್ಯಾಲಿನ ಗಾಜಿಗೆ ಬಂದು ಅಂಟ್ತಾವ. ಫೋಕಸ್ ಗೆರಿ ಮ್ಯಾಲ ಹಿಡೀರಿ, ತಳದಾಗ ಅಲ್ಲ. ಗಾಳಿಗುಳ್ಳಿ ಕರೀ ಅಂಚು ಚೊಲೋ ಕಂಡ್ರ ನೀವು ಸರಿ ಪದರದಾಗ ಅದೀರಿ ಅಂತ ತಿಳೀರಿ. 10ರ ಆಬ್ಜೆಕ್ಟಿವ್ ಸಾಕು. 40ರದ್ದು ಹಾಕಾಕ ಹೋದ್ರ ಸ್ಲೈಡಿಗೇ ಬಡೀತೈತಿ. ಕಂಡೆನ್ಸರ್ ಸ್ವಲ್ಪ ಕೆಳಗಿಳಿಸಿ ಡಯಾಫ್ರಾಂ ಅರ್ಧ ಮುಚ್ರಿ, ಇಲ್ಲಾಂದ್ರ ತೆಳು ಚಿಪ್ಪಿನ ಮೊಟ್ಟಿ ಬೆಳಕಿನಾಗ ಕರಗಿ ಹೋಗ್ತಾವ.

ಬೀದರ್_ಬಿಸಲು
ಮತ್ತ ಒಂದು ತಾಸು ಬಿಟ್ಟು ನೋಡಬ್ಯಾಡ್ರಿ. ಉಪ್ಪು ಹರಳುಗಟ್ತೈತಿ, ಮೊಟ್ಟಿ ಸುಕ್ಕು ಬೀಳ್ತಾವ.

ಹೊಸ_ಕೋಟು
ಅಯ್ಯೋ, ಗುಣಕವೇ ತಪ್ಪಾ! ಹಾಗಾದರೆ ಹಳೇ ಪುಸ್ತಕದ ಅಂಕಿಗಳೆಲ್ಲ...

ಅಂಕಿ_ಅಜ್ಜಿ
ಹಳೇ ಪುಸ್ತಕದ ಚಿಂತೆ ಬಿಡಪ್ಪ. ಇನ್ನು ಮೇಲೆ ಗ್ರಾಂಗೆ ಎಷ್ಟು ಅಂತ ಮಾತ್ರ ಬರೀಬೇಡ. ಎಡ ಕೋಣೆ ಎಷ್ಟು, ಬಲ ಕೋಣೆ ಎಷ್ಟು, ಹಿಕ್ಕೆ ಎಷ್ಟು ಗ್ರಾಂ, ದ್ರವ ಎಷ್ಟು ಮಿ.ಲೀ. ಅಂತ ಬರಿ. ಕಚ್ಚಾ ಅಂಕಿ ಇದ್ದರೆ ಗುಣಕ ಯಾವತ್ತಾದರೂ ತಿದ್ದಬಹುದು.

ಈಗ 4, 9, 2. ಇದು ಪೂರ್ತಿ ನಿನ್ನ ಕೈಯ ತಪ್ಪಲ್ಲ. ಮೊಟ್ಟೆ ಎಣಿಕೆ ಪಾಯ್ಸಾನ್ ಲೆಕ್ಕಕ್ಕೆ (ಅಲ್ಲಲ್ಲಿ ಚದುರಿದ್ದನ್ನ ಎಣಿಸುವಾಗ ಬರೋ ಅದೃಷ್ಟದ ಏರಿಳಿತ) ಬರುತ್ತೆ. ಸ್ಲೈಡಿನಲ್ಲಿ 4 ಮೊಟ್ಟೆ ಕಂಡರೆ ನಿಜವಾದ ಸರಾಸರಿ 1ರಿಂದ 10ರವರೆಗೆ ಎಲ್ಲಿ ಬೇಕಾದರೂ ಇರಬಹುದು (ಶೇ. 95 ಮಟ್ಟದಲ್ಲಿ). ಗುಣಕ 50 ಇದ್ದರೆ ಗ್ರಾಂಗೆ 55ರಿಂದ 512. "ಗ್ರಾಂಗೆ 200" ಅಂತ ಬರೆದು ಕೆಳಗೆ ಎರಡು ಗೆರೆ ಎಳೆಯೋರಿಗೆ ಇದು ಗೊತ್ತಿರಲ್ಲ. ಅದೇ 16 ಮೊಟ್ಟೆ ಕಂಡರೆ ನಿಜ 9ರಿಂದ 26. ಹರವು ಇನ್ನೂ ಅಗಲವೇ, ಆದರೆ ಹೋಲಿಸಿದರೆ ಎಷ್ಟೋ ವಾಸಿ.

ಹಾಗಾಗಿ ಮೂರು ಸ್ಲೈಡಿನಲ್ಲಿ ಒಂದನ್ನ ಆರಿಸೋದಲ್ಲ. ಮೂರನ್ನೂ ಕೂಡು: 15 ಮೊಟ್ಟೆ, ಸ್ಲೈಡಿಗೆ ಸರಾಸರಿ 5. ಆದರೂ 9ಕ್ಕೂ 2ಕ್ಕೂ ಇರೋ ಅಂತರ ಬರೀ ಅದೃಷ್ಟದ ಏರಿಳಿತಕ್ಕೆ ಒಂಚೂರು ಜಾಸ್ತಿ ಅನಿಸುತ್ತೆ. ಸರೋಜ ಹೇಳಿದ ಕಲಕೋ ವಿಷಯ ಅಥವಾ ಉಪ್ಪುನೀರು, ಎರಡರಲ್ಲೊಂದು ಇರಬೇಕು.

ಜೀನ್_ಜಗ್ಗ
ಅಜ್ಜಿ, ಹಾಗಾದ್ರೆ ಸೊನ್ನೆ ಬಂದ್ರೆ?

ಅಂಕಿ_ಅಜ್ಜಿ
ಸೊನ್ನೆ ಅಂದರೆ "ಹುಳ ಇಲ್ಲ" ಅಂತಲ್ಲ. ನೀನು ನೋಡಿದ್ದೇ ಗ್ರಾಮಿನ ಐವತ್ತನೇ ಒಂದು ಭಾಗ. ಗ್ರಾಂಗೆ 30 ಮೊಟ್ಟೆ ಇರೋ ಕುರಿಯ ಸ್ಲೈಡು ಅರ್ಧಕ್ಕಿಂತ ಹೆಚ್ಚು ಸಲ ಸೊನ್ನೆಯೇ ತೋರಿಸುತ್ತೆ. ಔಷಧಿ ಕುಡಿಸಿದ ಮೇಲೆ ಸೊನ್ನೆ ಬಂದರೆ ಅದೇ ಸ್ಯಾಂಪಲ್ಲಿನಿಂದ ಇನ್ನೂ ನಾಲ್ಕು ಕೋಣೆ ಎಣಿಸು.

ಕಪ್ಪುಕೋಟೆ
ಯಕೃತ್ತಿನ ಹುಳದ ಮೊಟ್ಟೆಯೂ ಇದರಲ್ಲೇ ಎಣಿಸಬಹುದಾ? ನಮ್ಮ ಕಡೆ ಕೆರೆ ಬಯಲಿನ ಕುರಿಗೆ ಅದೇ ಕಾಟ.

ಸ್ಲೈಡ್_ಸರೋಜ
ಆಗಲ್ಲ. ಫ್ಯಾಸಿಯೋಲ (ಅದೇ ಯಕೃತ್ತಿನ ಹುಳ), ಆಂಫಿಸ್ಟೋಮ್ (ಹೊಟ್ಟೆಯ ಚಪ್ಪಟೆ ಹುಳ) ಮೊಟ್ಟೆ ಭಾರ, ಅಡುಗೆ ಉಪ್ಪಿನ ನೀರಲ್ಲಿ ತೇಲಲ್ಲ. ಅದಕ್ಕೆ ತಳಕಟ್ಟಿಸುವ ವಿಧಾನ: ಹಿಕ್ಕೆ ಕದಡಿ ಸೋಸಿ, ಉದ್ದನೆ ಗಾಜಿನ ಪಾತ್ರೆಯಲ್ಲಿ ನೀರು ತುಂಬಿಟ್ಟು ಕೆಲ ನಿಮಿಷ ಬಿಡಿ, ಮೇಲಿನ ನೀರು ಚೆಲ್ಲಿ, ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ಮಾಡಿ. ತಳದ ಗಸಿಗೆ ಒಂದು ಹನಿ ಮೆಥಿಲೀನ್ ಬ್ಲೂ. ಕಸ ನೀಲಿಯಾಗುತ್ತೆ, ಫ್ಯಾಸಿಯೋಲ ಮೊಟ್ಟೆ ಹಳದಿ ಕಂದಾಗೇ ಉಳಿದು ಎದ್ದು ಕಾಣುತ್ತೆ. ಬಣ್ಣವಿಲ್ಲದ್ದು ಕಂಡರೆ ಆಂಫಿಸ್ಟೋಮ್.

ಹಟ್ಟಿ_ಡಾಕ್ಟ್ರು
ಲ್ಯಾಬಿಗೆ ಬರೋ ಮೊದಲೇ ಅರ್ಧ ಕೆಲಸ ಕೆಡೋದು ಹಟ್ಟಿಯಲ್ಲಿ. ನೆಲದ ಮೇಲಿನ ಹಿಕ್ಕೆ ಬಾಚಿಕೊಂಡು ಬರಬೇಡಿ, ಯಾವ ಕುರಿದು ಅಂತ ದೇವರಿಗೂ ಗೊತ್ತಿರಲ್ಲ, ಮಣ್ಣಿನ ಹುಳವೂ ಸೇರಿರುತ್ತೆ. ಗ್ಲೌಸ್ ಹಾಕಿ ಗುದದಿಂದಲೇ ತೆಗೀರಿ, ಗ್ಲೌಸನ್ನೇ ಒಳಹೊರಗು ಮಾಡಿ ಗಾಳಿ ಹಿಂಡಿ ಗಂಟು ಹಾಕಿ. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನದವರೆಗೆ ಇಟ್ಟರೆ ಮೊಟ್ಟೆ ಒಳಗೆ ಮರಿ ಬೆಳೆದು, ಮರುದಿನಕ್ಕೆ ಒಡೆದು ಹೊರಗೇ ಬಂದಿರುತ್ತೆ. ಎಣಿಕೆ ತಾನಾಗಿ ಇಳಿಯುತ್ತೆ, ನೀವು ಔಷಧಿ ಬಲೇ ಚೆನ್ನಾಗಿದೆ ಅಂತೀರಿ. ಐಸ್ ಪ್ಯಾಕ್ ಇಟ್ಟ ಡಬ್ಬಿ ಒಯ್ಯಿರಿ, ಆಮೇಲೆ 4 ಡಿಗ್ರಿಯಲ್ಲಿ ಇಡಿ. ಫ್ರೀಜರಿಗೆ ಬೇಡ.

ಒಂದು ಎಚ್ಚರ: ಲಾರ್ವ (ಮರಿಹುಳ) ಬೆಳೆಸೋಕೆ ಇಟ್ಟ ಪಾಲನ್ನ ಫ್ರಿಜ್ಜಿಗೆ ಹಾಕಬೇಡಿ. ಹೀಮಾಂಕಸ್ ಮೊಟ್ಟೆಗೆ ಚಳಿ ಆಗಲ್ಲ, ಸಾಯುತ್ತೆ. ನಮ್ಮ ಕುರಿಗಳಲ್ಲಿ ರಕ್ತ ಹೀರೋ ಮುಖ್ಯ ಹುಳವೇ ಅದು, ಲೆಕ್ಕದಿಂದ ಅದೇ ಮಾಯವಾದರೆ ಏನು ಉಳೀತು?

ಕಪ್ಪುಕೋಟೆ
ಲ್ಯಾಬ್ ಫ್ರಿಜ್ಜಿನಲ್ಲಿ ಹಿಕ್ಕೆ ಪಕ್ಕ ಮೊಸರನ್ನದ ಡಬ್ಬಿ ಇಡೋ ಮಹಾನುಭಾವರ ಬಗ್ಗೆಯೂ ಯಾರಾದರೂ ಬರೀರಪ್ಪ 🙏

ಬೀದರ್_ಬಿಸಲು
ಅವ್ರಿಗೆ ಯಾ ಆಲ್ಬೆಂಡಜೋಲೂ ಸಾಲಂಗಿಲ್ಲ.

ಹಟ್ಟಿ_ಡಾಕ್ಟ್ರು
ನಗೋ ಮಾತಲ್ಲ. ಅದೇ ಫ್ರಿಜ್ಜಿನಲ್ಲಿ ಗಬ್ಬ ಕಂದು ಹಾಕಿದ ಕುರಿಯ ಸೀರಮ್ಮೋ ಮಾಸೋ ಇದ್ದರೆ ಬ್ರೂಸೆಲ್ಲ ರೋಗಾಣು ಇರಬಹುದು. ಅದು ಮನುಷ್ಯರಿಗೂ ಹತ್ತುತ್ತೆ, ತಿಂಗಳುಗಟ್ಟಲೆ ಜ್ವರ ಕಾಡುತ್ತೆ. ಲ್ಯಾಬಿನ ಮೊದಲ ಪಾಠ ಕೋಟು, ಗ್ಲೌಸು, ಕೈತೊಳೆಯೋದು, ಬಾಯಲ್ಲಿ ಪಿಪೆಟ್ ಎಳೆಯದೇ ಇರೋದು. ಪಿಸಿಆರ್ ಅಲ್ಲ.

ಜೀನ್_ಜಗ್ಗ
ಎಲ್ಲರೂ ಪಿಸಿಆರ್ ಮೇಲೆ ಯಾಕೆ ಬಿದ್ದಿದ್ದೀರಿ? ಹುಳದ ಜಾತಿ ಹೇಳೋಕೆ ಬೇಕೇ ಬೇಕು. ಸ್ಟ್ರಾಂಗೈಲ್ (ಹೀಮಾಂಕಸ್ ಥರದ ದುಂಡುಹುಳಗಳ ಗುಂಪು) ಮೊಟ್ಟೆ ನೋಡಿ ಇದು ಹೀಮಾಂಕಸ್, ಇದು ಟ್ರೈಕೋಸ್ಟ್ರಾಂಗೈಲಸ್ ಅಂತ ಹೇಳಿ ನೋಡೋಣ.

ಸ್ಲೈಡ್_ಸರೋಜ
ಅದು ಸರಿ, ಮೊಟ್ಟೆಯಲ್ಲಿ ಹೇಳೋಕಾಗಲ್ಲ. ಎಲ್ಲ ಒಂದೇ ಥರ, ತೆಳು ಚಿಪ್ಪು, ಒಳಗೆ ಕೋಶಗಳ ಗೊಂಚಲು. ಸುಲಭವಾಗಿ ಬೇರೆ ಮಾಡಬಹುದಾದವು: ಟ್ರೈಕೂರಿಸ್ (ನಿಂಬೆಹಣ್ಣಿನ ಆಕಾರ, ಎರಡೂ ತುದಿಗೆ ಬಿರಟೆ), ಮೊನೀಜಿಯ (ಮೂಲೆಮೂಲೆ), ಸ್ಟ್ರಾಂಗೈಲಾಯ್ಡಿಸ್ (ಚಿಕ್ಕದು, ಒಳಗೆ ಆಗಲೇ ಮರಿ). ಇವನ್ನ ಸ್ಟ್ರಾಂಗೈಲ್ ಲೆಕ್ಕಕ್ಕೆ ಸೇರಿಸಬೇಡಿ, ಬೇರೆ ಸಾಲಿನಲ್ಲಿ ಬರೀರಿ. ಜಾತಿಗೆ ಹಿಕ್ಕೆಯನ್ನ 27 ಡಿಗ್ರಿಯಲ್ಲಿ 7 ದಿನ ತೇವವಾಗಿಟ್ಟು, ಬೇರ್‌ಮನ್ ಆಲಿಕೆಯಲ್ಲಿ (ಲಾರ್ವ ನೀರಿಗಿಳಿದು ತಳ ಸೇರೋ ಆಲಿಕೆ) ಮೂರನೇ ಹಂತದ ಲಾರ್ವ ಇಳಿಸಿ ಬಾಲದ ಪೊರೆ ನೋಡಬೇಕು. ತೇವ ಅಂದರೆ ಹಿಂಡಿದ ಸ್ಪಂಜಿನಷ್ಟು. ನೀರು ನಿಂತರೆ ಗಾಳಿಯಿಲ್ಲದೆ ಸಾಯುತ್ತವೆ, ಒಣಗಿದರೂ ಸಾಯುತ್ತವೆ.

ಜೀನ್_ಜಗ್ಗ
ಒಪ್ಪಿದೆ. ಆದ್ರೂ @ಹೊಸ_ಕೋಟು, ಆ ಲಾರ್ವದಿಂದ ಪಿಸಿಆರ್ ಮಾಡೋ ದಿನ ಬಂದರೆ ಇವು ನೆನಪಿರಲಿ. ಬರೀ ನೀರು ಹಾಕಿದ ಟ್ಯೂಬ್ ಪ್ರತೀ ಸಲ ಇರಬೇಕು. ಅದರಲ್ಲೂ ಬ್ಯಾಂಡ್ (ಜೆಲ್ ಮೇಲೆ ಡಿಎನ್‌ಎ ಗೆರೆ) ಬಂದರೆ ಆ ದಿನದ ಜೆಲ್ ಪೂರ್ತಿ ಕಸದ ಬುಟ್ಟಿಗೆ. ಡಿಎನ್‌ಎ ತೆಗೆಯುವಾಗಲೂ ಲಾರ್ವ ಹಾಕದ ಖಾಲಿ ಟ್ಯೂಬ್ ಒಂದು ಜೊತೆಗೇ ಸಾಗಲಿ. ಮಿಶ್ರಣ ಕಲೆಸುವ ಜಾಗ, ಡಿಎನ್‌ಎ ಹಾಕುವ ಜಾಗ, ಜೆಲ್ ಓಡಿಸುವ ಜಾಗ ಬೇರೆ ಬೇರೆ. ಜೆಲ್ ಕೋಣೆಯ ಪಿಪೆಟ್ ವಾಪಸ್ ತರಬಾರದು. 20 ಸ್ಯಾಂಪಲ್ ಇದ್ದರೆ ಮಿಶ್ರಣ 22-23ಕ್ಕೆ ಮಾಡಿ, ತುದಿಯಲ್ಲಿ ಅಂಟಿ ಹೋಗೋದು ಇದ್ದೇ ಇರುತ್ತೆ. ಹಿಕ್ಕೆಯಿಂದ ನೇರ ಡಿಎನ್‌ಎ ತೆಗೆದು ಬ್ಯಾಂಡ್ ಬರದಿದ್ದರೆ "ಹುಳ ಇಲ್ಲ" ಅಂತ ಬರೀಬೇಡಿ. ಹಿಕ್ಕೆಯಲ್ಲಿ ಪಿಸಿಆರ್ ತಡೆಯೋ ಪದಾರ್ಥ ಜಾಸ್ತಿ. ಅದೇ ಡಿಎನ್‌ಎಯನ್ನ ಹತ್ತು ಪಟ್ಟು ತೆಳು ಮಾಡಿ ಇನ್ನೊಮ್ಮೆ ಓಡಿಸಿ. ಆಗ ಬ್ಯಾಂಡ್ ಬಂದರೆ ಕಾರಣ ಸಿಕ್ಕಿತು.

ಅಂಕಿ_ಅಜ್ಜಿ
ನೋಡಿದ್ರಾ, ಜಗ್ಗನ ಪಿಸಿಆರಿಗೂ ಬೇಕಾದ್ದು ಅದೇ: ಖಾಲಿ ಟ್ಯೂಬು, ಇನ್ನೊಮ್ಮೆ ಮಾಡೋದು, ಅಳತೆ ಸರಿ ಇರೋದು.

ಪಿಪೆಟ್_ಪುಟ್ಟಿ
ಅಳತೆ ಅಂದ ಕೂಡಲೇ ಬಂದೆ 😄 ಹೊಸಬರು ಮೊದಲ ವಾರ ಬೇರೇನೂ ಮಾಡಬೇಡಿ. ಡಿಸ್ಟಿಲ್ಡ್ ನೀರು, ನಾಲ್ಕು ದಶಾಂಶದ ತಕ್ಕಡಿ, ಒಂದು ಪಿಪೆಟ್. 100 ಮೈಕ್ರೋಲೀಟರ್ ಹತ್ತು ಸಲ ಹಾಕಿ ತೂಗಿ. 25 ಡಿಗ್ರಿಯಲ್ಲಿ 0.0997 ಗ್ರಾಂ ಬರಬೇಕು. ಹತ್ತೂ ಒಂದೇ ಕಡೆ ತಪ್ಪಿದ್ದರೆ ಪಿಪೆಟ್ ರಿಪೇರಿಗೆ, ಹತ್ತೂ ಹತ್ತು ಕಡೆ ಚದುರಿದರೆ ನಿಮ್ಮ ಕೈ ರಿಪೇರಿಗೆ. ತುದಿ ದ್ರವದಲ್ಲಿ 2-3 ಮಿ.ಮೀ. ಮಾತ್ರ ಮುಳುಗಲಿ, ಪಿಪೆಟ್ ನೆಟ್ಟಗಿರಲಿ, ಹೊಸ ತುದಿಯನ್ನ ಒಮ್ಮೆ ಎಳೆದು ಬಿಟ್ಟು ಒದ್ದೆ ಮಾಡಿ. ಹೆಬ್ಬೆರಳು ಫಟ್ಟಂತ ಬಿಟ್ಟರೆ ಗಾಳಿ ಸೇರುತ್ತೆ. ಸೀರಮ್ಮಿನಂಥ ಜಿಗುಟು ದ್ರವಕ್ಕೆ ಎರಡನೇ ತಡೆಯವರೆಗೆ ಒತ್ತಿ ಎಳೆದು ಮೊದಲ ತಡೆಯವರೆಗೆ ಮಾತ್ರ ಬಿಡಿ, ಉಳಿದದ್ದು ತುದಿಯಲ್ಲೇ ಹೋಗಲಿ.

ಕಪ್ಪುಕೋಟೆ
"ನಿಮ್ಮ ಕೈ ರಿಪೇರಿಗೆ" 😂😂

ಪಿಪೆಟ್_ಪುಟ್ಟಿ
ಮೇಲೆ 1500 ಆರ್‌ಪಿಎಂ ಅಂದವರಿಗೆ ಒಂದು ತಕರಾರು. ಆರ್‌ಪಿಎಂ ಒಂದೇ ಹೇಳಿದರೆ ಅರ್ಥವಿಲ್ಲ, ರೋಟರಿನ ತ್ರಿಜ್ಯ ಬೇಕು. ತ್ರಿಜ್ಯ ಸೆಂ.ಮೀ.ನಲ್ಲಿ × ಆರ್‌ಪಿಎಂ ವರ್ಗ × 0.00001118 = ಜಿ, ಅಂದರೆ ಗುರುತ್ವದ ಎಷ್ಟು ಪಟ್ಟು ಬಲ ಅಂತ. ಅದೇ 3000 ಆರ್‌ಪಿಎಂ 10 ಸೆಂ.ಮೀ. ಯಂತ್ರದಲ್ಲಿ ಸುಮಾರು 1000 ಜಿ, 16 ಸೆಂ.ಮೀ. ಯಂತ್ರದಲ್ಲಿ 1600 ಜಿ. ಪ್ರಬಂಧದಲ್ಲಿ ಜಿ ಬರೀರಿ.

ಸ್ಲೈಡ್_ಸರೋಜ
ಒಪ್ಪಿದೆ ಪುಟ್ಟಿ. ಮೊಟ್ಟೆ ತಳಕ್ಕೆ ಕೂರೋಕೆ 1500ರ ಕೈ ಯಂತ್ರವೂ ಸಾಕು, ಆದರೂ ಬರೆಯುವಾಗ ನಿನ್ನ ಮಾತೇ ಸರಿ.

ಹಟ್ಟಿ_ಡಾಕ್ಟ್ರು
ರಕ್ತದ ಬಗ್ಗೆ ಕೇಳಿದ್ದರಲ್ಲ. ಹೀಮಾಂಕಸ್ ಕೆಲಸಕ್ಕೆ ರಕ್ತಹೀನತೆ ಅಳೀಬೇಕು, ಪಿಸಿವಿ (ರಕ್ತದಲ್ಲಿ ಕೆಂಪುಕಣ ಶೇಕಡಾ ಎಷ್ಟು ಅನ್ನೋದು) ಸಾಕು. ಕತ್ತಿನ ಜುಗುಲರ್ ರಕ್ತನಾಳದಿಂದ ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯೋದು) ಟ್ಯೂಬಿಗೆ, ಗುರುತಿನ ತನಕ. ಅರ್ಧ ಮಾತ್ರ ತುಂಬಿದರೆ ಇಡಿಟಿಎ ಜಾಸ್ತಿಯಾಗಿ ಕೆಂಪುಕಣ ಕುಗ್ಗುತ್ತವೆ, ಪಿಸಿವಿ ಸುಳ್ಳೇ ಇಳಿಯುತ್ತೆ. 8-10 ಸಲ ಮೆಲ್ಲಗೆ ತಲೆಕೆಳಗೆ ಮಾಡಿ. ಸಿರಿಂಜಿನಲ್ಲಿ ಎಳೆದಿದ್ದರೆ ಸೂಜಿ ಬಿಚ್ಚಿ, ಮುಚ್ಚಳ ತೆಗೆದು ಗೋಡೆಗುಂಟ ಇಳಿಸಿ. ಸೂಜಿಯಲ್ಲೇ ಒತ್ತಿ ಹಾಕಿದರೆ ಕಣ ಒಡೆಯುತ್ತವೆ. ಇಡಿಟಿಎ ರಕ್ತಕ್ಕೆ ನೀಲಿ ಪಟ್ಟಿಯ ಸಾದಾ ಕ್ಯಾಪಿಲರಿ, ನೇರ ರಕ್ತಕ್ಕೆ ಕೆಂಪು ಪಟ್ಟಿಯ ಹೆಪಾರಿನ್‌ದು. ಮುಕ್ಕಾಲು ತುಂಬಿ, ಒಂದು ತುದಿ ಮೇಣದಿಂದ ಮುಚ್ಚಿ, ಮೈಕ್ರೋ ಹೆಮಟೋಕ್ರಿಟ್ ಯಂತ್ರದಲ್ಲಿ 12,000 ಆರ್‌ಪಿಎಂ 5 ನಿಮಿಷ. ಮುಚ್ಚಿದ ತುದಿ ಹೊರಗಡೆಗೆ! ಕುರಿಗೆ 27-45 ಸಾಮಾನ್ಯ.

(ಪುಟ್ಟಿ, ಈ ಯಂತ್ರದ ತ್ರಿಜ್ಯ ಕೇಳಬೇಡಮ್ಮ.)

ಬೀದರ್_ಬಿಸಲು
ಟ್ಯೂಬಿನ ಮ್ಯಾಲೆ ಬರೀರಿ, ಮುಚ್ಚಳದ ಮ್ಯಾಲೆ ಅಲ್ಲ. ಮುಚ್ಚಳ ಅದಲುಬದಲಾಗ್ತಾವ. ಸ್ಲೈಡಿಗೆ ಪೆನ್ಸಿಲ್. ಮಾರ್ಕರ್ ಇಂಕು ಮೆಥನಾಲ್‌ದಾಗ ತೊಳ್ಕೊಂಡು ಹೋಗಿ 40 ಸ್ಲೈಡು ಅನಾಥ ಆಗ್ತಾವ.

ಅಂಕಿ_ಅಜ್ಜಿ
ಈಗ ಔಷಧಿ ಪರೀಕ್ಷೆಯ ವಿನ್ಯಾಸ. ಇದು ಕೆಟ್ಟರೆ ಮೇಲಿನದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಔಷಧಿ ಕುಡಿಸೋ ಗುಂಪು ಒಂದು, ಕುಡಿಸದೇ ಬಿಡೋದು ಒಂದು, ಗುಂಪಿಗೆ ಕನಿಷ್ಠ 10 ಕುರಿ. ತೂಕದ ಪ್ರಕಾರ ಸಾಲು ಮಾಡಿ, ಪಕ್ಕಪಕ್ಕದ ಜೋಡಿಯಲ್ಲಿ ಚೀಟಿ ಎತ್ತಿ ಯಾವುದು ಯಾವ ಗುಂಪಿಗೆ ಅಂತ ತೀರ್ಮಾನಿಸು. ಮೊದಲು ಕೈಗೆ ಸಿಕ್ಕ ಹತ್ತು ಕುರಿ ಒಂದು ಗುಂಪು ಅಂತ ಮಾಡಬೇಡ, ಸುಲಭವಾಗಿ ಸಿಗೋವು ಸೊರಗಿದವೇ ಆಗಿರುತ್ತವೆ. ಆಲ್ಬೆಂಡಜೋಲ್ ಕುಡಿಸಿ 14 ದಿನಕ್ಕೆ ಮತ್ತೆ ಎಣಿಕೆ. ಇಳಿಕೆ ಅಂದರೆ 1ರಿಂದ (ನಂತರದ ಸರಾಸರಿ ÷ ಮೊದಲಿನ ಸರಾಸರಿ) ಕಳೆದು ನೂರರಿಂದ ಗುಣಿಸೋದು. 800 ಇದ್ದದ್ದು 80 ಆದರೆ ಶೇ. 90. ಶೇ. 95ಕ್ಕಿಂತ ಕಡಿಮೆ ಇದ್ದು, ಅದರ ವಿಶ್ವಾಸಾಂತರದ (ನಿಜವಾದ ಅಂಕಿ ಇರಬಹುದಾದ ಹರವು) ಕೆಳತುದಿ 90ಕ್ಕಿಂತ ಕೆಳಗಿದ್ದರೆ ಹುಳ ಒಗ್ಗಿಕೊಂಡಿದೆ ಅಂತ ಪಶು ಪರೋಪಜೀವಿ ತಜ್ಞರ ಜಾಗತಿಕ ಸಂಘದ 1992ರ ಮಾರ್ಗಸೂಚಿ ಹೇಳುತ್ತಿತ್ತು. 2023ರ ಹೊಸದರಲ್ಲಿ ಒತ್ತು ಇರೋದು ಸ್ಲೈಡಿನಲ್ಲಿ ನಿಜವಾಗಿ ಎಷ್ಟು ಮೊಟ್ಟೆ ಎಣಿಸಿದೆ ಅನ್ನೋದರ ಮೇಲೆ. 4 ಮೊಟ್ಟೆ ಕಥೆ ನೆನಪಿದೆಯಲ್ಲ? ಅದಕ್ಕೇ.

ಹಟ್ಟಿ_ಡಾಕ್ಟ್ರು
ಅದಕ್ಕೂ ಮೊದಲು ಕುರಿ ತೂಗಿ. ಕಣ್ಣಳತೆಯಲ್ಲಿ 20 ಕಿಲೋ ಅಂದುಕೊಂಡ ಕುರಿ 30 ಇದ್ದರೆ ಮೂರನೇ ಎರಡು ಪಾಲು ಔಷಧಿಯಷ್ಟೇ ಹೋಯ್ತು. ಕಿಲೋಗೆ 7.5 ಮಿ.ಗ್ರಾಂ ಅಂತ ಇಟ್ಟುಕೊಂಡರೆ 30 ಕಿಲೋಗೆ 225 ಮಿ.ಗ್ರಾಂ, ಶೇ. 2.5ರ ದ್ರಾವಣದಲ್ಲಿ 9 ಮಿ.ಲೀ. ಬಾಟಲಿ ಚೆನ್ನಾಗಿ ಕುಲುಕಿ, ಔಷಧಿ ತಳದಲ್ಲಿ ಕೂತಿರುತ್ತೆ. ಕುಡಿಸೋ ಗನ್ನನ್ನ ಅಳತೆ ಸಿಲಿಂಡರಿಗೆ ಹತ್ತು ಸಲ ಒತ್ತಿ 90 ಮಿ.ಲೀ. ಬರುತ್ತಾ ನೋಡಿ. ಹಿಂಡಿನಲ್ಲಿ ಮೇಕೆ ಇದ್ದರೆ ಈ ಲೆಕ್ಕಕ್ಕೆ ಸೇರಿಸಬೇಡಿ, ಅವು ಔಷಧಿಯನ್ನ ಬೇಗ ಹೊರಹಾಕುತ್ತವೆ. ಆಗಷ್ಟೇ ಗಬ್ಬವಾದ ಕುರಿಗೆ ಆಲ್ಬೆಂಡಜೋಲ್ ಬೇಡ.

ಮತ್ತೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬಂದ ಮೇಲೇ ಮೊದಲ ಕುರಿ ಮುಟ್ಟಿ. ಆಮೇಲೆ ತಗೋತೀನಿ ಅಂದರೆ ಪ್ರಬಂಧ ಎಲ್ಲೂ ಅಚ್ಚಾಗಲ್ಲ.

ಸ್ಲೈಡ್_ಸರೋಜ
@ಹೊಸ_ಕೋಟು ನಿಮ್ಮ ಉಪ್ಪುನೀರಿನ ಸಾಂದ್ರತೆ ನೋಡಿದ್ದೀರಾ? ಹೈಡ್ರೋಮೀಟರ್ ಇಲ್ಲದಿದ್ದರೂ ಆಗುತ್ತೆ. 100 ಮಿ.ಲೀ.ನ ಅಳತೆ ಫ್ಲಾಸ್ಕನ್ನ ಖಾಲಿ ತೂಗಿ, ಗುರುತಿನ ತನಕ ಉಪ್ಪುನೀರು ಹಾಕಿ ತೂಗಿ. ವ್ಯತ್ಯಾಸ 119-120 ಗ್ರಾಂ ಇರಬೇಕು.

ಹೊಸ_ಕೋಟು
ಈಗಷ್ಟೇ ತೂಗಿದೆ ಮೇಡಂ. 112.

ಬೀದರ್_ಬಿಸಲು
ಹತ್ತಿತು ನೋಡ್ರೀ ಕಳ್ಳ.

ಸ್ಲೈಡ್_ಸರೋಜ
ಒಂದು ಲೀಟರ್ ಬಿಸಿನೀರಿಗೆ 400 ಗ್ರಾಂ ಉಪ್ಪು. ಕಲ್ಲುಪ್ಪಾದರೆ ಕರಗಿಸಿ ಬಟ್ಟೆಯಲ್ಲಿ ಸೋಸಿ. ರಾತ್ರಿಯಿಡೀ ಆರಿದ ಮೇಲೆ ತಳದಲ್ಲಿ ಕರಗದ ಹರಳು ಉಳಿದಿರಬೇಕು, ಉಳಿಯದಿದ್ದರೆ ಇನ್ನೊಂದು ಹಿಡಿ ಹಾಕಿ. ಮೇಲಿನ ತಿಳಿಯನ್ನ ಬೇರೆ ಬಾಟಲಿಗೆ ಬಗ್ಗಿಸಿ ತೂಗಿ, ತಾರೀಖು ಬರೆದಿಡಿ. ಆಮೇಲೆ ಅದೇ ಸ್ಯಾಂಪಲ್ ಬೇಡ, ಹೊಸ ಹಿಕ್ಕೆ ತಂದು ಆರು ಸ್ಲೈಡ್ ಎಣಿಸಿ. ಎಡ-ಬಲ ಎರಡೂ ಕೋಣೆಯ ಅಂಕಿ ಇಲ್ಲೇ ಹಾಕಿ, ಅಜ್ಜಿ ನೋಡ್ತಾರೆ.

ಅಂಕಿ_ಅಜ್ಜಿ
ಹನ್ನೆರಡೂ ಅಂಕಿ ಹಾಕು. ಚೆನ್ನಾಗಿ ಬಂದವು ಮಾತ್ರ ಅಲ್ಲ.